ಮೂಲವ್ಯಾಧಿ: ರೈತರಲ್ಲಿ ಕಾರಣಗಳು ಮತ್ತು ಸಹಜ ಉಪಶಮನ

ಎತ್ತು ಗಟ್ಟಿ ಸಗಣಿ ಹಾಕಿದರೆ ರೈತನು ಕೂಡಲೇ ಗಮನಿಸುತ್ತಾನೆ. ಒಣಹುಲ್ಲು ಹೆಚ್ಚಾಯಿತೇ, ನೀರು ಕಡಿಮೆಯಾಯಿತೇ ಎಂದು ಯೋಚಿಸಿ, ಹಸಿರು ಮೇವು ಹಾಕಿ, ಬೂಸಾ ಕಲಸಿ, ಒಂದೆರಡು ಬಕೆಟ್ ನೀರನ್ನು ಹೆಚ್ಚಾಗಿ ಕುಡಿಸುತ್ತಾನೆ. ಅದೇ ತೊಂದರೆ ತನಗೆ ಬಂದಾಗ ಮಾತ್ರ ಬಾಯಿ ಬಿಡುವುದಿಲ್ಲ. ಹೆಂಡತಿಗೂ ಹೇಳದೆ ವರ್ಷಗಟ್ಟಲೆ ನೋವು ನುಂಗುವ ಗಂಡಸರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ.

ಕೆಲವು ವರ್ಷಗಳ ಹಿಂದೆ ರಾಗಿ ಪ್ರಾತ್ಯಕ್ಷಿಕೆ ನಡೆಸುತ್ತಿದ್ದಾಗ, ಆ ಹೊಲದ ಯಜಮಾನರು ಕೂರಿಗೆಯ ಹಿಂದೆ ನಾಲ್ಕು ಸಾಲು ನಡೆದು ಹೊಂಗೆ ಮರದ ಕೆಳಗೆ ಕುಳಿತುಬಿಡುತ್ತಿದ್ದರು. ಮುಖ ಬಿಳಿಚಿತ್ತು. ಕೇಳಿದರೆ ಪಿತ್ತ ಎಂದರು. ಎಲ್ಲರೂ ಹೋದ ಮೇಲೆ ಬೇರೆಯಾಗಿ ವಿಚಾರಿಸಿದಾಗ, ಎರಡು ವರ್ಷದಿಂದ ಮಲದ ಜೊತೆ ರಕ್ತ ಹೋಗುತ್ತಿದೆ ಎಂದು ತಲೆ ತಗ್ಗಿಸಿ ಹೇಳಿದರು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಮೂಲವ್ಯಾಧಿಯೂ ಅದರಿಂದಾದ ರಕ್ತಹೀನತೆಯೂ ಕಂಡುಬಂದವು. ಚಿಕಿತ್ಸೆಯಿಂದ ಗುಣವಾಯಿತು. ಆದರೆ ನಾಚಿಕೆಗಾಗಿ ಅವರು ಎರಡು ವರ್ಷದ ದುಡಿಮೆಯನ್ನು ತೆತ್ತಿದ್ದರು.

ಈ ಲೇಖಕ ವೈದ್ಯನಲ್ಲ, ಬೇಸಾಯಶಾಸ್ತ್ರದ ಉಪನ್ಯಾಸಕ. ಆದರೂ ಈ ರೋಗದ ಬೇರು ಬಹುಪಾಲು ನಾವು ಬೆಳೆಯುವ ಮತ್ತು ಉಣ್ಣುವ ಧಾನ್ಯದಲ್ಲೇ ಇರುವುದರಿಂದ ಇಲ್ಲಿ ಅದನ್ನು ಚರ್ಚಿಸಲಾಗಿದೆ.

ಮೂಲವ್ಯಾಧಿ ಎಂದರೇನು?

ಗುದದ್ವಾರದ ಒಳಭಾಗದಲ್ಲಿ ರಕ್ತನಾಳಗಳಿಂದ ಕೂಡಿದ ಮೆತ್ತನೆಯ ದಿಂಬಿನಂತಹ ಭಾಗಗಳು ಎಲ್ಲರಲ್ಲೂ ಇರುತ್ತವೆ. ದ್ವಾರವನ್ನು ಬಿಗಿಯಾಗಿ ಮುಚ್ಚಲು ಇವು ನೆರವಾಗುತ್ತವೆ. ಮತ್ತೆ ಮತ್ತೆ ತಿಣುಕಿದಾಗ ಇವುಗಳಲ್ಲಿ ರಕ್ತ ತುಂಬಿ ಊದಿಕೊಳ್ಳುತ್ತವೆ, ಹಿಡಿದಿಟ್ಟ ಅಂಗಾಂಶ ಸಡಿಲವಾಗಿ ಕೆಳಗೆ ಜಾರುತ್ತವೆ. ಇದೇ ಮೂಲವ್ಯಾಧಿ.

ಒಳ ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಮಲ ವಿಸರ್ಜನೆಯ ವೇಳೆ ಕೆಂಪು ರಕ್ತ ತೊಟ್ಟಿಕ್ಕುತ್ತದೆ, ಕೆಲವೊಮ್ಮೆ ಮೊಳಕೆಯಂತೆ ಹೊರಬರುತ್ತದೆ. ಹೊರ ಮೂಲವ್ಯಾಧಿಯಲ್ಲಿ ತುರಿಕೆ, ಊತ ಮತ್ತು ನೋವು ಹೆಚ್ಚು. ಒಳಗೆ ರಕ್ತ ಹೆಪ್ಪುಗಟ್ಟಿದರೆ ನೀಲಿ ಬಣ್ಣದ ಗಟ್ಟಿ ಗಂಟಾಗಿ, ಕುಳಿತುಕೊಳ್ಳಲಾಗದಷ್ಟು ನೋವು ಬರುತ್ತದೆ.

ಮುಖ್ಯ ಕಾರಣಗಳು

1. ಮಲಬದ್ಧತೆ ಮತ್ತು ತಿಣುಕುವುದು. ಇದೇ ಎಲ್ಲಕ್ಕಿಂತ ದೊಡ್ಡ ಕಾರಣ. ಬಹಳ ದಿನ ಬೇದಿಯಾಗುತ್ತಿದ್ದರೂ ಮೂಲವ್ಯಾಧಿ ಬರಬಹುದು.

2. ನಾರಿನಂಶವಿಲ್ಲದ ಊಟ. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿಸಿ ತೌಡನ್ನು ಹಸುವಿಗೆ ಹಾಕುತ್ತೇವೆ, ಅನ್ನವನ್ನು ನಾವು ಉಣ್ಣುತ್ತೇವೆ. ಹಸುವಿಗೆ ಹೊಟ್ಟೆ ಸಲೀಸು, ನಮಗೆ ಹೊಟ್ಟೆ ಕಲ್ಲು.

3. ನೀರು ಕುಡಿಯದಿರುವುದು. ಬಿಸಿಲಿನಲ್ಲಿ ಬೆವರಾಗಿ ನೀರು ಹೋಗುತ್ತದೆ. ಆ ಕೊರತೆ ತುಂಬದಿದ್ದರೆ ಮಲ ಒಣಗಿ ಗಟ್ಟಿಯಾಗುತ್ತದೆ. ಚಹಾ ಒಂದನ್ನೇ ನಂಬಿದರೆ ಸಾಲದು. ಮದ್ಯಪಾನವಂತೂ ದೇಹದ ನೀರನ್ನು ಇನ್ನಷ್ಟು ಕಳೆಯುತ್ತದೆ.

4. ಒತ್ತಡ ಬಂದಾಗ ತಡೆಯುವುದು. ಸಾಲು ಮುಗಿಯಲಿ, ಪಂಪ್ ನಿಲ್ಲಲಿ ಎಂದು ಮುಂದೂಡುತ್ತಾ ಹೋದರೆ ಮಲ ಒಳಗೇ ಗಟ್ಟಿಯಾಗುತ್ತದೆ.

5. ಶೌಚಾಲಯದಲ್ಲಿ ಬಹಳ ಹೊತ್ತು ಕೂರುವುದು. ಬೀಡಿ ಸೇದುತ್ತಲೋ ಮೊಬೈಲ್ ನೋಡುತ್ತಲೋ ಅರ್ಧ ಗಂಟೆ ಕುಳಿತರೆ ಆ ಭಾಗಕ್ಕೆ ರಕ್ತ ಇಳಿದು ನಿಲ್ಲುತ್ತದೆ.

6. ಉಸಿರು ಬಿಗಿಹಿಡಿದು ಭಾರ ಎತ್ತುವುದು, ದೀರ್ಘಕಾಲದ ಕೆಮ್ಮು, ಬೊಜ್ಜು. ಇವು ಹೊಟ್ಟೆಯೊಳಗಿನ ಒತ್ತಡವನ್ನು ಹೆಚ್ಚಿಸಿ ರೋಗವನ್ನು ಕೆರಳಿಸುತ್ತವೆ. ವಯಸ್ಸಾದಂತೆ ಅಂಗಾಂಶ ಸಡಿಲವಾಗುವುದೂ ಸಹಜ.

ಖಾರ ತಿಂದರೆ ಮೂಲವ್ಯಾಧಿ ಬರುತ್ತದೆ ಎಂಬುದು ರೂಢಿಯ ಮಾತು. ಖಾರ ಉರಿಯನ್ನು ಹೆಚ್ಚಿಸಬಹುದು. ಆದರೆ ಖಾರ ಬಿಟ್ಟು ಬಿಳಿ ಅನ್ನವನ್ನೇ ಉಂಡರೆ ರೋಗ ಹೋಗುವುದಿಲ್ಲ.

ಊಟದಲ್ಲಿ ಪರಿಹಾರ

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ರಿಂದ 30 ಗ್ರಾಂ ನಾರಿನಂಶ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017 ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಪಟ್ಟಿಯಂತೆ, 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 2.8 ಗ್ರಾಂ ಮಾತ್ರ. ರಾಗಿಯಲ್ಲಿ ಸುಮಾರು 11, ಸಜ್ಜೆಯಲ್ಲಿ 11.5, ಜೋಳದಲ್ಲಿ 10 ಗ್ರಾಂ ಇದೆ. ದಿನಕ್ಕೆ 250 ಗ್ರಾಂ ಅಕ್ಕಿ ಉಂಡವನಿಗೆ 7 ಗ್ರಾಂ ನಾರು ಸಿಕ್ಕಿದರೆ, ಅಷ್ಟೇ ತೂಕದ ರಾಗಿ ಉಂಡವನಿಗೆ ಸುಮಾರು 28 ಗ್ರಾಂ ಸಿಗುತ್ತದೆ. ಲೆಕ್ಕ ರೈತರಿಗೆ ಬಿಟ್ಟದ್ದು.

ಆದ್ದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ದಿನಕ್ಕೆ ಒಂದು ಹೊತ್ತಾದರೂ ರಾಗಿಮುದ್ದೆ, ಜೋಳದ ಅಥವಾ ಸಜ್ಜೆಯ ರೊಟ್ಟಿ ಇರಲಿ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು ಹೊಟ್ಟನ್ನು ಎಸೆಯಬಾರದು.

2. ಸೊಪ್ಪಿನ ಬಸ್ಸಾರು, ಹುರಳಿ, ಅವರೆ, ಹೆಸರುಕಾಳು ದಿನವೂ ಇರಲಿ. ಸೀಬೆಹಣ್ಣಿನಲ್ಲಿ 100 ಗ್ರಾಂಗೆ ಎಂಟು ಗ್ರಾಂಗೂ ಮೀರಿ ನಾರಿದೆ. ಬದುವಿನಲ್ಲಿ ಒಂದು ಗಿಡ ಹಾಕಿದರೆ ಮನೆಗೆ ಸಾಕು.

3. ನಾರನ್ನು ಒಮ್ಮೆಲೇ ಹೆಚ್ಚಿಸದೆ ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು. ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ.

4. ಹೊಲಕ್ಕೆ ಹೋಗುವಾಗ ನೀರು, ಮಜ್ಜಿಗೆ ಅಥವಾ ಅಂಬಲಿ ಒಯ್ದು ಬಾಯಾರುವ ಮೊದಲೇ ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು.

5. ಇಷ್ಟರಿಂದಲೂ ಮಲ ಮೆತ್ತಗಾಗದಿದ್ದರೆ, ರಾತ್ರಿ ಒಂದೆರಡು ಚಮಚ ಇಸಬ್ಗೋಲ್ ಹೊಟ್ಟನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಮೇಲೆ ಮತ್ತೊಂದು ಲೋಟ ನೀರು ಕುಡಿಯಬೇಕು. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಳ್ಳಬಾರದು, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಂತಹ ನಾರಿನ ಬಳಕೆಯಿಂದ ರಕ್ತಸ್ರಾವ ಸುಮಾರು ಅರ್ಧದಷ್ಟು ತಗ್ಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡುಬಂದಿದೆ.

ನೋವು ಕಡಿಮೆ ಮಾಡುವ ಬಗೆ

ಅಗಲ ಬಾಯಿಯ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಸೊಂಟದ ಕೆಳಭಾಗ ಮುಳುಗುವಂತೆ 10 ರಿಂದ 15 ನಿಮಿಷ ಕೂರಬೇಕು. ದಿನಕ್ಕೆ ಎರಡು ಮೂರು ಬಾರಿ, ಅದರಲ್ಲೂ ಮಲ ವಿಸರ್ಜನೆಯ ನಂತರ, ಹೀಗೆ ಮಾಡಿದರೆ ನೋವು, ತುರಿಕೆ ಶಮನವಾಗುತ್ತವೆ. ನೀರಿಗೆ ಔಷಧಿ ಹಾಕುವ ಅಗತ್ಯವಿಲ್ಲ. ನಂತರ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಬೇಕೇ ಹೊರತು ಉಜ್ಜಬಾರದು.

ಒತ್ತಡ ಬಂದ ಕೂಡಲೇ ಹೋಗಿ, ಐದು ನಿಮಿಷದೊಳಗೆ ಏಳುವುದನ್ನು ರೂಢಿಸಿಕೊಳ್ಳಬೇಕು. 45 ಕಿಲೋ ಯೂರಿಯಾ ಚೀಲವನ್ನು ಒಬ್ಬರೇ ಎತ್ತದೆ ಇಬ್ಬರು ಹಿಡಿಯಬೇಕು. ಎತ್ತುವಾಗ ಉಸಿರನ್ನು ಹೊರಗೆ ಬಿಡಬೇಕು.

ಸುವರ್ಣಗೆಡ್ಡೆಗೆ ಆಯುರ್ವೇದದಲ್ಲಿ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ನಾಶ ಮಾಡುವುದು, ಎಂಬ ಹೆಸರಿದೆ. ಹುಣಸೆ ಹಾಕಿ ಚೆನ್ನಾಗಿ ಬೇಯಿಸಿ ಪಲ್ಯ ಮಾಡಿ ಉಣ್ಣಬಹುದು. ಆದರೆ ಅದೊಂದನ್ನೇ ಔಷಧಿಯೆಂದು ನಂಬಿ ಕೂರಬಾರದು. ಕರಿಗೇರಿನ ಎಣ್ಣೆ, ಸುಣ್ಣ ಮುಂತಾದವನ್ನು ಹಚ್ಚಿದರೆ ಚರ್ಮ ಸುಟ್ಟು ಹುಣ್ಣಾಗುತ್ತದೆ. ಸಂತೆಯಲ್ಲಿ ಸೂಜಿ ಚುಚ್ಚಿ ಮೊಳಕೆ ಉದುರಿಸುತ್ತೇವೆ ಎನ್ನುವವರಿಂದ ದೂರವಿರಬೇಕು.

ವೈದ್ಯರ ಬಳಿಗೆ ಯಾವಾಗ?

ಮೂಲವ್ಯಾಧಿಯಲ್ಲಿ ರಕ್ತ ಬರುವುದು ನಿಜ. ಆದರೆ ಬಂದ ರಕ್ತವೆಲ್ಲ ಮೂಲವ್ಯಾಧಿಯದಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲೂ ಹೀಗೆಯೇ ರಕ್ತ ಕಾಣಬಹುದು, ಹೊರಗಿನಿಂದ ನೋಡಿ ಹೇಳಲಾಗದು. ಆದ್ದರಿಂದ ಮೊದಲ ಬಾರಿ ರಕ್ತ ಕಂಡಾಗಲೇ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆಳಗಿನ ಲಕ್ಷಣಗಳಿದ್ದರೆ ತಡಮಾಡಲೇಬಾರದು.

- ವಯಸ್ಸು 45 ದಾಟಿದ್ದು ರಕ್ತ ಹೋಗುತ್ತಿರುವುದು
- ಡಾಂಬರಿನಂತೆ ಕಪ್ಪು ಮಲ, ಅಥವಾ ಮಲದೊಳಗೆ ಬೆರೆತ ರಕ್ತ
- ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ಏದುಸಿರು
- ಮಲ ವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾಗಿರುವುದು
- ರಕ್ತಸಂಬಂಧಿಗಳಲ್ಲಿ ಕರುಳಿನ ಕ್ಯಾನ್ಸರ್ ಇದ್ದದ್ದು
- ಹೊರಬಂದ ಮೊಳಕೆ ಒಳಹೋಗದಿರುವುದು, ತೀವ್ರ ನೋವು, ಜ್ವರ

ಆಸ್ಪತ್ರೆ ಎಂದರೆ ಶಸ್ತ್ರಚಿಕಿತ್ಸೆಯೇ ಎಂದು ಹೆದರಬೇಕಾಗಿಲ್ಲ. ಹೆಚ್ಚಿನವರಿಗೆ ಊಟದ ಬದಲಾವಣೆ ಮತ್ತು ಔಷಧಿ ಸಾಕಾಗುತ್ತದೆ. ಕೆಲವರಿಗೆ ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುವ ಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಸಭೆಯಲ್ಲಿ ಈ ರೋಗದ ಹೆಸರೆತ್ತಿದರೆ ಜನ ನಗುತ್ತಾರೆ, ಇರುವವರು ಎದ್ದು ಹೋಗುತ್ತಾರೆ. ಸಿರಿಧಾನ್ಯಗಳ ಬೇಸಾಯ ಹೇಳುವಾಗ ನಾರಿನಂಶದ ಮಾತಿನ ಜೊತೆ ಇದನ್ನೂ ಸೇರಿಸಿ ಹೇಳಿ, ಸಭೆ ಮುಗಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ಕೇಳಬೇಕಾದವರು ಆಗ ಬರುತ್ತಾರೆ.

ರೈತ ಬಾಂಧವರು ಎತ್ತಿನ ಹೊಟ್ಟೆಯ ಬಗ್ಗೆ ತೋರಿಸುವ ಕಾಳಜಿಯಲ್ಲಿ ಅರ್ಧವನ್ನಾದರೂ ತಮ್ಮ ಹೊಟ್ಟೆಗೆ ತೋರಿಸಬೇಕು. ಮಾತನಾಡದ ಎತ್ತಿನ ಕಷ್ಟವನ್ನು ನಾವು ತಿಳಿಯುತ್ತೇವೆ. ನಮ್ಮ ಕಷ್ಟವನ್ನು ಹೇಳಲು ನಮಗೆ ಬಾಯಿ ಇದೆ.