ದೇವರ ವಾಕ್ಯವಾಗಿರುವದೋ, ದೇವರ ವಾಕ್ಯವಾಗುವದೋ?

ಸತ್ಯವೇದವನ್ನು ಓದುವಾಗ ಮನಸ್ಸು ಕರಗದೆ ಹೋದರೆ, ಆ ದಿವಸ ಅದು ನಮಗೆ ದೇವರ ವಾಕ್ಯವಲ್ಲವೋ? ಈ ಪ್ರಶ್ನೆಯನ್ನು ಕುರಿತು ಪಾಶ್ಚಾತ್ಯ ಸಭೆಗಳಲ್ಲಿ ನಡೆದ ದೊಡ್ಡ ವಾದವನ್ನು ಸಂಕ್ಷೇಪವಾಗಿ ವಿಚಾರಿಸೋಣ.

1834ರಲ್ಲಿ ಮಂಗಳೂರಿಗೆ ಮಿಶನೆರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣದಲ್ಲಿಯೇ 1886ರಲ್ಲಿ ಕಾರ್ಲ್ ಬಾರ್ತರು ಹುಟ್ಟಿದರು. ಅವರ ಗುರುಗಳು ಸತ್ಯವೇದವನ್ನು ಮನುಷ್ಯರ ಧರ್ಮಾನುಭವದ ಚರಿತ್ರೆಯೆಂದು ಎಣಿಸುತ್ತಿದ್ದರು. 1914ರಲ್ಲಿ ಆ ಗುರುಗಳಲ್ಲಿ ಕೆಲವರು ಜರ್ಮನಿಯ ಯುದ್ಧವನ್ನು ಸಮರ್ಥಿಸುವ ಪ್ರಕಟಣೆಗೆ ರುಜು ಹಾಕಲಾಗಿ, ಬಾರ್ತರಿಗೆ ಆ ಬೋಧನೆಯಲ್ಲಿದ್ದ ನಂಬಿಕೆಯು ಕದಲಿತು. ಮನುಷ್ಯನು ತಾನಾಗಿ ದೇವರ ಬಳಿಗೆ ಏರಲಾರನು, ದೇವರೇ ಮಾತಾಡಬೇಕು ಎಂದು 1919ರ ತಮ್ಮ ರೋಮಾಪುರದ ಪತ್ರಿಕೆಯ ವ್ಯಾಖ್ಯಾನದಲ್ಲಿ ಸಾರಿದರು. ಇದಕ್ಕಾಗಿ ಸಂಪ್ರದಾಯಸ್ಥ ಕ್ರೈಸ್ತರಲ್ಲಿಯೂ ಅನೇಕರು ಸಂತೋಷಪಟ್ಟರು.

ಆದರೆ ಬಾರ್ತರ ಮತದಲ್ಲಿ ಯೇಸು ಕ್ರಿಸ್ತನೇ ದೇವರ ಪ್ರಕಟನೆ. ಸತ್ಯವೇದವು ಆ ಪ್ರಕಟನೆಗೆ ತಪ್ಪಬಲ್ಲ ಮನುಷ್ಯರು ಕೊಟ್ಟ ಸಾಕ್ಷಿ. ದೇವರು ತನ್ನ ಸ್ವತಂತ್ರ ಕೃಪೆಯಿಂದ ಅದರ ಮೂಲಕ ಮಾತಾಡುವಾಗ ಅದು ದೇವರ ವಾಕ್ಯವಾಗುವದು. ಇದು ಓದುವವನ ಭಾವನೆಯಿಂದಲ್ಲ, ದೇವರ ಕಾರ್ಯದಿಂದಲೇ ಆಗುವದೆಂದು ಅವರು ಹೇಳಿದ್ದನ್ನು ನಾವು ನ್ಯಾಯವಾಗಿ ಒಪ್ಪಬೇಕು.

ಇಲ್ಲಿಯೇ ವಿರೋಧವು ಹುಟ್ಟಿತು. ಅಮೇರಿಕದ ಫಿಲಡೆಲ್ಫಿಯದಲ್ಲಿ ಬೋಧಕರಾಗಿದ್ದ ಕಾರ್ನೀಲಿಯಸ್ ವ್ಯಾನ್ ಟಿಲರು 1946ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಈ ಬೋಧನೆಯು ಹೊಸ ವಸ್ತ್ರವನ್ನು ಉಟ್ಟ ಹಳೆಯ ಆಧುನಿಕವಾದವೇ ಎಂದು ವಾದಿಸಿದರು. ಸಂಪ್ರದಾಯಸ್ಥರ ಮುಖ್ಯ ಆಕ್ಷೇಪವು ಇದು: ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಪೌಲನು ಬರಹವನ್ನೇ ದೈವಪ್ರೇರಿತವೆನ್ನುತ್ತಾನೆ; ಓದುವ ಸಮಯದ ಅನುಗ್ರಹವನ್ನು ಮಾತ್ರ ಹಾಗೆನ್ನುವದಿಲ್ಲ. ಸಾಕ್ಷಿಯೇ ತಪ್ಪಬಹುದಾದರೆ, ಯಾವ ಮಾತು ದೇವರದು, ಯಾವದು ಮನುಷ್ಯನದು ಎಂದು ತೀರ್ಪುಮಾಡುವವರು ಯಾರು? ಕಡೆಗೆ ಮನುಷ್ಯನೇ ನ್ಯಾಯಾಧಿಪತಿಯಾಗುವನಲ್ಲವೇ?

ಎಮ್ಮಾಹುವಿನ ದಾರಿಯನ್ನು ನೆನಪಿಗೆ ತಂದುಕೊಳ್ಳೋಣ. ಆ ಇಬ್ಬರು ಶಿಷ್ಯರ ಹೃದಯವು ಕುದಿದದ್ದು ಕರ್ತನು ಶಾಸ್ತ್ರವನ್ನು ವಿವರಿಸಿದಾಗಲೇ. ಆದರೂ ಪ್ರವಾದಿಗಳ ಮಾತನ್ನು ಅದಕ್ಕೆ ಮುಂಚೆಯೇ ನಂಬದೆ ಹೋದದ್ದಕ್ಕಾಗಿ ಆತನು ಅವರನ್ನು ಗದರಿಸಿದನು. ಹಾಗಾದರೆ ಮಂದವಾಗಿದ್ದದ್ದು ಅವರ ಹೃದಯವೇ ಹೊರತು ವಾಕ್ಯವಲ್ಲ. ಪವಿತ್ರಾತ್ಮನು ನಮ್ಮ ಕಣ್ಣುಗಳನ್ನು ತೆರೆಯುವದು ಅವಶ್ಯವೇ. ಕುರುಡನು ದೃಷ್ಟಿ ಹೊಂದಿದಾಗ ಸೂರ್ಯನು ಹೊಸದಾಗಿ ಹುಟ್ಟುವದಿಲ್ಲ.

ಆದಕಾರಣ, ತಾಯಂದಿರೇ, ಸಹೋದರಿಯರೇ, ಮನಸ್ಸು ಬರಡಾದ ದಿವಸದಲ್ಲಿಯೂ, ರೋಗಿಯ ಹಾಸಿಗೆಯ ಬಳಿಯಲ್ಲಿ ಕಣ್ಣೀರಿನಿಂದ ಅಕ್ಷರಗಳು ಮಸಕಾದ ರಾತ್ರಿಯಲ್ಲಿಯೂ ಪುಸ್ತಕವನ್ನು ಮುಚ್ಚಿಡಬೇಡಿರಿ. ನಮ್ಮ ಭಾವನೆಯು ಏರಿ ಇಳಿಯುವದು. ಆತನ ವಾಗ್ದಾನವು ನಿಂತಿರುವದು.