ರಣರಂಗದ ಗಾಯವೂ ಸೇವಾ ದಾಖಲೆಯೂ

ಹೈದರಾಬಾದಿನ ಕುಷಾಯಿಗೂಡವು ಇ.ಸಿ.ಐ.ಎಲ್. ಕಾರ್ಖಾನೆಯ ನೆರೆಯ ಬಡಾವಣೆ. ಸಮೀಪದ ಸೈನಿಕಪುರಿಯು, ಹೆಸರೇ ಹೇಳುವಂತೆ, ಮಾಜಿ ಸೈನಿಕರ ವಸತಿಗಾಗಿ ರೂಪುಗೊಂಡದ್ದು. ಸಿಕಂದರಾಬಾದಿನ ದಂಡು ಪ್ರದೇಶವೂ ಬಹಳ ದೂರವಿಲ್ಲ. ಇಂತಹ ಕಡೆ ನೆಲೆಸಿರುವ ಕನ್ನಡಿಗ ಹವಲ್ದಾರರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. 1999ರ ಕಾರ್ಗಿಲ್ ಸಮರದಲ್ಲಿ, ವಾಹನ ದುರಸ್ತಿಯಲ್ಲಿ ತೊಡಗಿದ್ದಾಗ, ಶತ್ರುವಿನ ಫಿರಂಗಿ ಗುಂಡಿನ ಚೂರೊಂದು ಅವರ ಭುಜವನ್ನು ಸೀಳಿತು. ಚಿಕಿತ್ಸೆ ಪಡೆದು ಸೇವೆಯಲ್ಲಿ ಮುಂದುವರಿದರು. ನಿವೃತ್ತಿಯ ವೇಳೆ ವೈದ್ಯಕೀಯ ಮಂಡಳಿಯು ಶೇಕಡ 30ರಷ್ಟು ವೈಕಲ್ಯವನ್ನು ಗುರುತಿಸಿತು. ಆದರೆ ಕಾರಣದ ಅಂಕಣದಲ್ಲಿ ಬರೆದದ್ದು 'ಕರ್ತವ್ಯದ ವೇಳೆ ಆದ ಗಾಯ' ಎಂದು ಮಾತ್ರ. ಶತ್ರುವಿನ ಹೆಸರಿಲ್ಲ, ಸಮರದ ಹೆಸರಿಲ್ಲ.

ಈ ವ್ಯತ್ಯಾಸವು ಬರಿಯ ಗೌರವದ ಪ್ರಶ್ನೆಯಲ್ಲ. ರಕ್ಷಣಾ ಸಚಿವಾಲಯವು 2001ರ ಜನವರಿ 31ರಂದು ಹೊರಡಿಸಿದ ಆದೇಶವು ಸೈನಿಕರ ಮರಣ ಮತ್ತು ವೈಕಲ್ಯಗಳನ್ನು ಕಾರಣಾನುಸಾರ 'ಎ'ಯಿಂದ 'ಇ'ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಕರ್ತವ್ಯದಲ್ಲಿ ಆದ ಅಪಘಾತಗಳು 'ಸಿ' ವರ್ಗಕ್ಕೂ, ಅಂತರರಾಷ್ಟ್ರೀಯ ಯುದ್ಧ, ಗಡಿ ಘರ್ಷಣೆ ಮೊದಲಾದವುಗಳಲ್ಲಿ ಆದ ಗಾಯಗಳು 'ಇ' ವರ್ಗಕ್ಕೂ ಸೇರುತ್ತವೆ. ಸೇವಾವಧಿ ಮುಗಿಸಿ ಬಿಡುಗಡೆಯಾದವರಿಗೆ, ನೂರಕ್ಕೆ ನೂರು ವೈಕಲ್ಯವಿದ್ದಲ್ಲಿ, ಸಾಮಾನ್ಯ ವೈಕಲ್ಯಾಂಶವು ಗಣನೀಯ ವೇತನದ ಶೇಕಡ 30. ಯುದ್ಧಗಾಯದ ಅಂಶವು ಶೇಕಡ 60. ಗಾಯದಿಂದಾಗಿಯೇ ಸೇವೆಯಿಂದ ಹೊರಬೀಳಬೇಕಾದವರಿಗೆ ಯುದ್ಧಗಾಯದ ಅಂಶವು ಪೂರ್ಣ ವೇತನದವರೆಗೆ ಏರಬಲ್ಲುದು.

ನಮ್ಮ ಹವಲ್ದಾರರ ಲೆಕ್ಕವನ್ನೇ ನೋಡೋಣ. ಪೂರ್ಣಾಂಕಗೊಳಿಸುವ ನಿಯಮದಂತೆ ಶೇಕಡ 50ಕ್ಕಿಂತ ಕಡಿಮೆಯಿರುವ ಅರ್ಹ ವೈಕಲ್ಯವನ್ನು 50 ಎಂದೇ ಪರಿಗಣಿಸಲಾಗುತ್ತದೆ. ಸೇವಾವಧಿ ಪೂರೈಸಿ ನಿವೃತ್ತರಾದವರಿಗೂ ಈ ಸೌಲಭ್ಯ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಗಣನೀಯ ವೇತನ 20,000 ರೂಪಾಯಿ ಎಂದಿಟ್ಟುಕೊಂಡರೆ, ದಾಖಲೆ ಈಗಿರುವಂತೆ ಅವರಿಗೆ ತಿಂಗಳಿಗೆ 3,000 ರೂಪಾಯಿ. 'ಇ' ವರ್ಗವೆಂದು ತಿದ್ದಿದಲ್ಲಿ 6,000 ರೂಪಾಯಿ. ಒಂದು ಸಾಲಿನ ಬರಹವು ಜೀವಮಾನವಿಡೀ ಮೊತ್ತವನ್ನು ಅರ್ಧಕ್ಕೆ ಇಳಿಸುತ್ತದೆ. ಶತ್ರುವಿನ ನೇರ ಕ್ರಮದಿಂದ ಗಾಯಗೊಂಡವರಿಗಾಗಿ 1973ರಲ್ಲಿ ಸ್ಥಾಪಿತವಾದ ಪರಾಕ್ರಮ ಪದಕವೂ ಇದೇ ದಾಖಲೆಯನ್ನು ಅವಲಂಬಿಸಿದೆ.

ಇಂತಹ ತಪ್ಪು ನುಸುಳುವುದು ಹೇಗೆ? ಸಮರದ ಗದ್ದಲದಲ್ಲಿ ಬರೆದ ವರದಿಗಳು ಚುಟುಕಾಗಿರುತ್ತವೆ. ಗಾಯಾಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುವಾಗ ಕಾಗದಗಳು ಹಿಂದುಳಿಯುತ್ತವೆ. ಹತ್ತು ವರ್ಷಗಳ ನಂತರ ಕೂಡುವ ವೈದ್ಯಕೀಯ ಮಂಡಳಿಯು ತನ್ನ ಮುಂದಿರುವ ಕಡತವನ್ನಷ್ಟೇ ನೋಡುತ್ತದೆ. ಸೇನೆಯಲ್ಲಿ 'ಬ್ಯಾಟಲ್ ಕ್ಯಾಷುಯಲ್ಟಿ' ಮತ್ತು 'ಫಿಸಿಕಲ್ ಕ್ಯಾಷುಯಲ್ಟಿ' ಎಂಬ ಎರಡು ವರ್ಗೀಕರಣಗಳುಂಟು. 2003ರ ಒಂದನೆಯ ಸೇನಾ ಆದೇಶವು ಇವುಗಳನ್ನು ವಿವರಿಸುತ್ತದೆ. ಮೊದಲು ಸರಿಯಾಗಿ ಬರೆದದ್ದು ಅನಂತರ ಬದಲಾದ ನಿದರ್ಶನವೂ ಇದೆ. 2013ರ ಜನವರಿಯಲ್ಲಿ ಜಮ್ಮು-ಕಾಶ್ಮೀರದಲ್ಲಿ ಕಾರ್ಯಾಚರಣೆಯ ಗಸ್ತಿನಲ್ಲಿದ್ದ ನಾಯಕ್ ದರ್ಜೆಯ ಸೈನಿಕರೊಬ್ಬರು ತೀವ್ರ ಹವಾಮಾನದಲ್ಲಿ ಉಸಿರಾಟ ಕಟ್ಟಿ ಮೃತಪಟ್ಟರು. ಅದನ್ನು ಮೊದಲು ಬ್ಯಾಟಲ್ ಕ್ಯಾಷುಯಲ್ಟಿ ಎಂದು ದಾಖಲಿಸಿ, ಬಳಿಕ ಫಿಸಿಕಲ್ ಕ್ಯಾಷುಯಲ್ಟಿ ಎಂದು ಮಾರ್ಪಡಿಸಲಾಯಿತು. ಅವರ ಪತ್ನಿಯು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಗೆದ್ದರು. ಸರಕಾರದ ಮೇಲ್ಮನವಿಯನ್ನು 2024ರ ಡಿಸೆಂಬರ್‌ನಲ್ಲಿ ವಜಾಗೊಳಿಸಿದ ಸರ್ವೋಚ್ಚ ನ್ಯಾಯಾಲಯವು, ಆಕೆಯನ್ನು ನ್ಯಾಯಾಲಯದವರೆಗೆ ಎಳೆತರಬಾರದಿತ್ತೆಂದು ಹೇಳಿ 50,000 ರೂಪಾಯಿ ವೆಚ್ಚವನ್ನೂ ವಿಧಿಸಿತು.

ತಿದ್ದುಪಡಿಯನ್ನು ಬಯಸುವವರು ಮೊದಲು ಬರೆಯಬೇಕಾದುದು ತಮ್ಮ ದಳದ ದಾಖಲೆ ಕಚೇರಿಗೆ. ಇದು ವಾಸಸ್ಥಳವನ್ನಲ್ಲ, ದಳವನ್ನು ಅನುಸರಿಸುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ವಿದ್ಯುತ್ ಮತ್ತು ಯಾಂತ್ರಿಕ ಎಂಜಿನಿಯರುಗಳ ದಳಕ್ಕೆ ಸೇರಿದ ನಮ್ಮ ಹವಲ್ದಾರರಿಗೆ ಆ ಕಚೇರಿ ಸಿಕಂದರಾಬಾದಿನಲ್ಲೇ ಇದೆ, ಅದೃಷ್ಟವೆನ್ನಬೇಕು. ಮದ್ರಾಸ್ ಸ್ಯಾಪರ್ಸ್‌ನವರಾಗಿದ್ದರೆ ಬೆಂಗಳೂರಿಗೆ, ಮರಾಠಾ ಲಘು ಪದಾತಿ ದಳದವರಾಗಿದ್ದರೆ ಬೆಳಗಾವಿಗೆ, ಫಿರಂಗಿ ದಳದವರಾಗಿದ್ದರೆ ನಾಸಿಕಕ್ಕೆ ಬರೆಯಬೇಕಾಗುತ್ತಿತ್ತು.

ಮನವಿಗೆ ಬಲ ಕೊಡುವುದು ಅಂದಿನ ಕಾಗದಗಳು: ಗಾಯದ ಸುದ್ದಿಯನ್ನು ತಿಳಿಸಿದ ಪ್ರಥಮ ವರದಿ, ಘಟಕದ ಭಾಗ-2 ಆದೇಶ, ಆಸ್ಪತ್ರೆಯ ಬಿಡುಗಡೆ ಪತ್ರ, ಘಟಕದ ಸಮರ ದಿನಚರಿ. ಇವು ಕೈಯಲ್ಲಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ 10 ರೂಪಾಯಿ ಶುಲ್ಕ ತೆತ್ತು ಪ್ರತಿಗಳನ್ನು ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಸಿಗಬೇಕು. 'ಗಾಯದ ವರದಿ' ನಮೂನೆ ಕಡತದಲ್ಲಿಲ್ಲವೆಂಬ ಆಕ್ಷೇಪಣೆ ಬಂದರೆ ಎದೆಗುಂದಬೇಕಾಗಿಲ್ಲ. ಸೇನಾ ನಿಯಮಾವಳಿಯ 520ನೆಯ ಕಂಡಿಕೆಯು ಆ ನಮೂನೆಯನ್ನು ವಿಧಿಸುವಾಗ ಸಮರದಲ್ಲಿ ತಗುಲಿದ ಗಾಯಗಳನ್ನು ಹೊರತುಪಡಿಸಿದೆ. ಅಂದು ಜೊತೆಗಿದ್ದ ಸಹೋದ್ಯೋಗಿಗಳ ಅಥವಾ ಅಧಿಕಾರಿಯ ಪ್ರಮಾಣಪತ್ರಗಳೂ ಉಪಯುಕ್ತ. ಆದರೆ ನೆನಪಿನಿಂದ ಬರೆದದ್ದು ಅಂದಿನ ಕಾಗದದ ಜೊತೆ ಹೊಂದಿಕೊಂಡಾಗಲೇ ಅದಕ್ಕೆ ತೂಕ. ದಿನಾಂಕ, ಸ್ಥಳ, ಕಾರ್ಯಾಚರಣೆಯ ಹೆಸರು ಇವುಗಳಲ್ಲಿ ಒಂದು ಕಡೆ ವ್ಯತ್ಯಾಸವಿದ್ದರೂ ಕಡತ ಮರಳಿ ಬರುತ್ತದೆ.

ಅಮೆರಿಕದಲ್ಲಿ ಸೈನಿಕ ದಾಖಲೆಗಳನ್ನು ತಿದ್ದುವುದಕ್ಕೆಂದೇ 1946ರ ಕಾನೂನಿನ ಅನ್ವಯ ಪ್ರತ್ಯೇಕ ಮಂಡಳಿಗಳಿವೆ. ನಮ್ಮಲ್ಲಿ ಆ ಬಗೆಯ ಮಂಡಳಿಯಿಲ್ಲ. ದಾಖಲೆ ಕಚೇರಿಯ ಉತ್ತರ ತೃಪ್ತಿಕರವಲ್ಲದಿದ್ದರೆ ಮೇಲ್ಮನವಿ, ಆ ಬಳಿಕ 2007ರ ಅಧಿನಿಯಮದಂತೆ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ತೆಲಂಗಾಣದವರು ಚೆನ್ನೈ ಪೀಠದ, ಕರ್ನಾಟಕದವರು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತಾರೆ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ.

ವಿಳಂಬದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. 1983ರಲ್ಲಿ ವೈದ್ಯಕೀಯ ಕಾರಣದಿಂದ ಬಿಡುಗಡೆಯಾದ ಸೈನಿಕರೊಬ್ಬರು 1999ರಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ತರ್ಸೇಮ್ ಸಿಂಗ್ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ 2008ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಿಂಚಣಿ ಪ್ರತಿ ತಿಂಗಳೂ ಸಲ್ಲಬೇಕಾದುದರಿಂದ ಹಕ್ಕು ಉಳಿಯುತ್ತದೆ, ಆದರೆ ಬಾಕಿ ಹಣವು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಾತ್ರ ದೊರೆಯುತ್ತದೆ ಎಂದು ತೀರ್ಮಾನಿಸಿತು. ಹಿಂದಿನ ಹದಿಮೂರು ವರ್ಷಗಳ ಹಣ ಕೈಬಿಟ್ಟುಹೋಯಿತು. ಆದಕಾರಣ ಮನವಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅಂಚೆಯ ರಸೀದಿಯನ್ನೂ ಸ್ವೀಕೃತಿ ಪತ್ರವನ್ನೂ ಪಿಂಚಣಿ ಆದೇಶದ ಜೊತೆಗೇ ಕಾಪಾಡಿಕೊಳ್ಳತಕ್ಕದ್ದು.