ಡೀಸೆಲ್ ಹೊಗೆ ಶುದ್ಧೀಕರಣ: ತಯಾರಕರ ಪೈಪೋಟಿ ಮತ್ತು ಖರೀದಿದಾರರ ಲೆಕ್ಕ

ಪೀಠಿಕೆ

ವಾಹನ ಖರೀದಿಸುವಾಗ ನಮ್ಮ ವರ್ತಕರು ಬೆಲೆ, ಮೈಲೇಜು ಮತ್ತು ಸಾಲದ ಕಂತುಗಳನ್ನು ತೂಗಿ ನೋಡುತ್ತಾರೆ. ಹೊಗೆ ಶುದ್ಧೀಕರಿಸುವ ಸಾಧನವು ಎಷ್ಟು ಕಾಲ ಬಾಳುತ್ತದೆ ಎಂದು ಕೇಳುವವರು ವಿರಳ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾಗಿ, ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿಯು ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೂ, ಮಸಿಕಣಗಳ ಮಿತಿಯು 25ರಿಂದ 4.5ಕ್ಕೂ ಇಳಿದ ಮೇಲೆ ಈ ಪ್ರಶ್ನೆಯು ನೇರವಾಗಿ ಲಾಭ-ನಷ್ಟದ ಪ್ರಶ್ನೆಯಾಗಿದೆ.

ವಿಧಾನಗಳು

ನೈಟ್ರೋಜನ್ ಆಕ್ಸೈಡನ್ನು ತಗ್ಗಿಸಲು ಮೂರು ವಿಧಾನಗಳಿವೆ. ಮೊದಲನೆಯದು ಇಜಿಆರ್: ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಕಳುಹಿಸಿ ದಹನದ ಉಷ್ಣತೆಯನ್ನು ಇಳಿಸುವುದು. ಎರಡನೆಯದು ಎಲ್‌ಎನ್‌ಟಿ: ಆ ಅನಿಲವನ್ನು ಹಿಡಿದಿಟ್ಟುಕೊಂಡು ಆಗಾಗ ಹೆಚ್ಚು ಇಂಧನ ಬಿಟ್ಟು ಶುದ್ಧಗೊಳಿಸುವುದು. ಮೂರನೆಯದು ಎಸ್‌ಸಿಆರ್: ಶೇ. 32.5 ಯೂರಿಯಾ ಇರುವ ಡಿಇಎಫ್ ದ್ರಾವಣವನ್ನು ಹೊಗೆಗೆ ಸಿಂಪಡಿಸುವುದು. ಇವಲ್ಲದೆ ಮಸಿಯನ್ನು ಸೋಸಲು ಡಿಪಿಎಫ್ ಎಂಬ ಫಿಲ್ಟರ್ ಬೇಕು.

ಪೈಪೋಟಿಯ ಪಾಠ

ಅಮೆರಿಕದಲ್ಲಿ 2010ರ ಮಾನದಂಡ ಬಂದಾಗ ಇತರ ಲಾರಿ ತಯಾರಕರು ಎಸ್‌ಸಿಆರ್ ಆಯ್ದುಕೊಂಡರೆ, ನೇವಿಸ್ಟಾರ್ ಕಂಪೆನಿ ಯೂರಿಯಾದ ಗೊಡವೆ ಬೇಡವೆಂದು ಇಜಿಆರ್ ಒಂದನ್ನೇ ನೆಚ್ಚಿತು. 2012ರಲ್ಲಿ ಅದೂ ಎಸ್‌ಸಿಆರ್‌ಗೆ ಹೊರಳಬೇಕಾಯಿತು.

2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಿದ್ದವು. ಪರೀಕ್ಷೆಯ ಸಮಯದಲ್ಲಿ ಮಾತ್ರ ಶುದ್ಧೀಕರಣ ಪೂರ್ಣವಾಗಿ ನಡೆಯುವಂತೆ ಸಾಫ್ಟ್‌ವೇರ್ ಅಳವಡಿಸಲಾಗಿತ್ತು. ರಸ್ತೆಯಲ್ಲಿಯೂ ವಾಹನಗಳು ಪರೀಕ್ಷಾಕ್ರಮದಲ್ಲೇ ಓಡುತ್ತಿರುವುದರಿಂದ ಹೊಗೆವ್ಯವಸ್ಥೆಯ ಭಾಗಗಳು ಕೆಡುತ್ತಿವೆಯೆಂದು ಎಂಜಿನಿಯರುಗಳು ಶಂಕಿಸಿದ್ದರೆಂಬುದು 2017ರ ತಪ್ಪೊಪ್ಪಿಗೆಯ ದಾಖಲೆಯಲ್ಲಿದೆ. ಅಂದರೆ ಬಾಳಿಕೆಯ ಸಮಸ್ಯೆಯೂ ಆ ವಂಚನೆಯ ಒಡಲಲ್ಲಿತ್ತು.

ನಮ್ಮಲ್ಲಿ 2017ರಲ್ಲಿ ಬಿಎಸ್-4 ಲಾರಿಗಳಿಗೆ ಅಶೋಕ್ ಲೇಲ್ಯಾಂಡ್ ಇಜಿಆರ್ ಮಾರ್ಗವನ್ನೂ, ಟಾಟಾ ಮೋಟಾರ್ಸ್ ಭಾರಿ ಲಾರಿಗಳಿಗೆ ಎಸ್‌ಸಿಆರ್ ಮಾರ್ಗವನ್ನೂ ಸಮರ್ಥಿಸಿದವು. ಬಿಎಸ್-6 ಬಂದಾಗ ಎರಡೂ ಕಂಪೆನಿಗಳ ಭಾರಿ ಲಾರಿಗಳಲ್ಲಿ ಎಸ್‌ಸಿಆರ್ ನೆಲೆಯೂರಿತು. ಮಾರುತಿ ಸುಜುಕಿ 2020ರಲ್ಲಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು.

ನಮ್ಮ ರಸ್ತೆಯ ಲೆಕ್ಕ

ಡಿಪಿಎಫ್‌ನಲ್ಲಿ ಕೂಡಿದ ಮಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಡಬೇಕು. ಅದಕ್ಕೆ ತಡೆಯಿಲ್ಲದ ದೀರ್ಘ ಓಟ ಅಗತ್ಯ. ಉಡುಪಿ-ಮಣಿಪಾಲದ ನಡುವೆ ನಿಂತು ನಿಂತು ಓಡುವ ವಾಹನಕ್ಕೆ ಅದು ದೊರೆಯುವುದು ಕಷ್ಟ. ಕಾಪುವಿನ ಹೆದ್ದಾರಿಯಲ್ಲಿ ದೂರ ಸಾಗುವ ವಾಹನಕ್ಕೆ ಸುಲಭ.

ಒಂದು ಊಹೆಯ ಲೆಕ್ಕವನ್ನು ನೋಡೋಣ. ಪೆಟ್ರೋಲ್ ಮಾದರಿಗಿಂತ ಡೀಸೆಲ್ ಕಾರಿಗೆ ರೂ. 1,50,000 ಹೆಚ್ಚು, ಕಿಲೋಮೀಟರಿಗೆ ರೂ. 2 ಉಳಿತಾಯ. ಹೆಚ್ಚುವರಿ ಹಣ ಮರಳಲು 75,000 ಕಿ.ಮೀ. ಓಡಬೇಕು. ವರ್ಷಕ್ಕೆ 300 ದಿನ, ದಿನಕ್ಕೆ 20 ಕಿ.ಮೀ. ಓಡುವ ಮಣಿಪಾಲದ ಅಂಗಡಿಕಾರರಿಗೆ ಇದು ಹನ್ನೆರಡೂವರೆ ವರ್ಷ. ಕಾರ್ಕಳದಿಂದ ಉಡುಪಿ, ಕಾಪು ಸುತ್ತುತ್ತ ದಿನಕ್ಕೆ 100 ಕಿ.ಮೀ. ಓಡುವ ವ್ಯಾಪಾರಿಗೆ ಎರಡೂವರೆ ವರ್ಷ. ನಡುವೆ ರೂ. 1,00,000ದ ಫಿಲ್ಟರ್ ಬದಲಿಸಬೇಕಾದರೆ ಮೊದಲನೆಯವರಿಗೆ ಸುಮಾರು 21 ವರ್ಷ, ಎರಡನೆಯವರಿಗೆ ನಾಲ್ಕು ವರ್ಷಕ್ಕಿಂತ ತುಸು ಹೆಚ್ಚು. ಫಿಲ್ಟರ್ ಕಟ್ಟಿಕೊಳ್ಳುವ ಸಂಭವವೂ ಮೊದಲನೆಯವರಿಗೇ ಅಧಿಕ.

ಗಮನಿಸಬೇಕಾದ ಅಂಶಗಳು

1. ಡಿಪಿಎಫ್, ಕೆಟಲಿಸ್ಟ್ ಮತ್ತು ಸೆನ್ಸರುಗಳಿಗೆ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ವಾರಂಟಿ ಎಂಬುದನ್ನು ಲಿಖಿತವಾಗಿ ಪಡೆಯಿರಿ.
2. ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಎಂದಿಗೂ ಬಳಸಬೇಡಿ. ಅದರ ಕಲ್ಮಶದಿಂದ ಕೆಟಲಿಸ್ಟ್ ಕೆಡುತ್ತದೆ. ಡಿಇಎಫ್ ಡಬ್ಬಿಯನ್ನು ಬಿಸಿಲಿನಲ್ಲಿಡಬೇಡಿ.
3. ಎಚ್ಚರಿಕೆಯ ದೀಪ ಬೆಳಗಿದ ದಿನಾಂಕವನ್ನೂ ಗ್ಯಾರೇಜಿನ ಬಿಲ್ಲುಗಳನ್ನೂ ಕಡತದಲ್ಲಿಡಿ. ವಾರಂಟಿ ಕೋರುವಾಗ ಇವೇ ಆಧಾರ.
4. ಸ್ವಂತ ವ್ಯವಹಾರಕ್ಕೆ ಬಳಸುವ ಕಾರಿನ ಖರೀದಿ ಹಾಗೂ ದುರಸ್ತಿಯ ಜಿಎಸ್‌ಟಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ಲಾರಿಗೆ ದೊರೆಯುತ್ತದೆ. ಆದುದರಿಂದ ಕಾರಿನ ದುರಸ್ತಿಯನ್ನು ತೆರಿಗೆ ಸೇರಿಸಿಯೇ ಲೆಕ್ಕ ಹಾಕಿ.

ಉಪಸಂಹಾರ

ಯಾವ ತಂತ್ರಜ್ಞಾನ ಶ್ರೇಷ್ಠ ಎಂಬ ವಾದವನ್ನು ತಯಾರಕರು ಮುಂದುವರಿಸಲಿ. ನಮ್ಮ ಓಟಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ನಾವು ನಿರ್ಧರಿಸಬೇಕು. ಮುಂದಿನ ವಾಹನದ ಮುಂಗಡ ಕೊಡುವ ಮೊದಲು, ಈಗಿನ ವಾಹನ ಕಳೆದ ವರ್ಷ ಎಷ್ಟು ಕಿಲೋಮೀಟರ್ ಓಡಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳಿತು.